ಒಂದು ವಾರ ಓಡ್ಬೇಡ

ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಹೆಲ್ತ್ ಸೆಂಟರ್‌ನ ಡಾಕ್ಟರ್ ಮೇಡಂ ನನ್ನ ಎಡಗಾಲನ್ನ ಸ್ಟೂಲ್ ಮೇಲೆ ಇಡಿಸಿ, ಮೊಣಕಾಲಿನ ಕೆಳಗಿನ ಮೂಳೆಯ ಒಳಗಡೆ ಅಂಚನ್ನ ಹೆಬ್ಬೆರಳಿಂದ ಒತ್ತುತ್ತಾ ಬಂದರು. ಪಾದಕ್ಕಿಂತ ಒಂದು ಗೇಣು ಮೇಲೆ ಕೈ ಬಂದಾಗ ಕೂತಲ್ಲೇ ಎಗರಿಬಿಟ್ಟೆ. "ಎಷ್ಟು ದಿನದಿಂದ ಇದೆ ನೋವು?" ಅಂದ್ರು. "ನಾಲ್ಕು ದಿನ ಮೇಡಂ" ಅಂದೆ. ಮೂರು ವಾರ ಆಗಿತ್ತು.

"ಒಂದು ವಾರ ಓಡ್ಬೇಡ. ಸ್ಕಿಪ್ಪಿಂಗ್ ಬೇಡ, ಜಿಗಿಯೋದು ಯಾವುದೂ ಬೇಡ. ಕಡಿಮೆ ಆಗಿಲ್ಲ ಅಂದ್ರೆ ಸ್ಕ್ಯಾನ್ ಮಾಡಿಸೋಣ."

ಯಾರಾದ್ರೂ ಡಾಕ್ಟರೇ ಹೇಳಿ ರೆಸ್ಟ್ ಕೊಟ್ರೆ ಖುಷಿಯಾಗ್ಬೇಕು ತಾನೆ? ನನಗೆ ಕಣ್ಣಲ್ಲಿ ನೀರು ಬಂತು. ಮೇಡಂ ನೋವಿಗೆ ಅಂದುಕೊಂಡು ಟಿಶ್ಯೂ ಕೊಟ್ಟರು.

ಸ್ವಲ್ಪ ಹಿಂದಿನ ಕಥೆ ಹೇಳ್ಬೇಕು. ಎರಡನೇ ವರ್ಷದಲ್ಲಿ ನನಗೆ ನಾಲ್ಕು ತಿಂಗಳು ಪೀರಿಯಡ್ಸ್ ಆಗಲಿಲ್ಲ. ಅಮ್ಮ ಹಾಸನಕ್ಕೆ ಕರಕೊಂಡು ಹೋಗಿ ತೋರಿಸಿದಾಗ ಪಿಸಿಓಡಿ ಅಂದ್ರು. ಈ ಪದವನ್ನ ಕನ್ನಡ ಬಳಗದ ಪತ್ರಿಕೆಯಲ್ಲಿ ಬರೆಯೋದಾ ಅಂತ ಎರಡು ದಿನ ಯೋಚನೆ ಮಾಡಿದೆ. ಆಮೇಲೆ ನಮ್ಮ ಫ್ಲೋರ್‌ನಲ್ಲೇ ನಾಲ್ಕು ಜನ ಇದ್ದೀವಲ್ಲ, ಯಾರಿಗೆ ಮುಚ್ಚಿಡೋದು ಅನ್ನಿಸ್ತು. ಆ ಡಾಕ್ಟರ್ ಹೇಳಿದ್ದು ಸರಳವಾಗಿತ್ತು. ಇರೋ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದ್ರೂ ಎಷ್ಟೋ ಜನಕ್ಕೆ ತಾನಾಗಿ ಸರಿಹೋಗುತ್ತೆ, ಮೊದಲು ಅದನ್ನ ಪ್ರಯತ್ನ ಮಾಡು. ಅವತ್ತು ನಾನಿದ್ದದ್ದು 78.4 ಕೆಜಿ. ಅಂದ್ರೆ ನಾಲ್ಕರಿಂದ ಎಂಟು ಕೆಜಿ.

ಮೊದಲ ಸಲ ಇಪ್ಪತ್ತು ದಿನ ಗ್ರೌಂಡಿಗೆ ಹೋದೆ. ಇಂಟರ್ನಲ್ಸ್ ಬಂತು, "ಒಂದು ವಾರ ಬಿಡೋಣ" ಅಂದುಕೊಂಡೆ. ಆ ಒಂದು ವಾರ ಏಳು ತಿಂಗಳಾಯ್ತು. ಎರಡನೇ ಸಲ ಶುರು ಮಾಡಿದ್ದು ಮೂರನೇ ವರ್ಷದ ಅಕ್ಟೋಬರ್‌ನಲ್ಲಿ. ಈ ಸಲ ಬಿಡಲೇಬಾರದು ಅಂತ ಜ್ಯುವೆಲರಿ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಓಡಿದ ದಿನಕ್ಕೆಲ್ಲ ಕೆಂಪು ಗುರುತು ಹಾಕ್ತಾ ಬಂದೆ. ವಾರಕ್ಕೆ ಐದು ದಿನ, ದಿನಕ್ಕೆ 4 ಕಿಲೋಮೀಟರ್. ಫೆಬ್ರವರಿ ಹೊತ್ತಿಗೆ 72.9. ಐದೂವರೆ ಕೆಜಿ ಇಳಿದಿತ್ತು. ನಮ್ಮ ಸಿವಿಲ್‌ನವರಿಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ, ಲ್ಯಾಬ್‌ನಲ್ಲಿ ನಾವು ಕುಟ್ಟಿ ಕುಟ್ಟಿ ಮಾಡ್ತೀವಲ್ಲ 150 ಎಂಎಂ ಕಾಂಕ್ರೀಟ್ ಕ್ಯೂಬ್, ಅದು ಎಂಟು ಕೆಜಿ ತೂಗುತ್ತೆ. ನಾನು ಇನ್ನೂ ಒಂದು ಕ್ಯೂಬ್ ಕೂಡ ಇಳಿಸಿರಲಿಲ್ಲ. ಆದ್ರೂ ಹಳೇ ಚೂಡಿದಾರ್ ಹಾಕ್ಕೊಂಡಾಗ ಸಿಗೋ ಖುಷಿ ಇದ್ಯಲ್ಲ, ಅದು ಎಂಟು ಕೆಜಿಗಿಂತ ಜಾಸ್ತಿನೇ ಇತ್ತು.

ಹೇಳದೇ ಇದ್ದ ಇನ್ನೊಂದು ವಿಷಯ ಇದೆ. ಡಿಸೆಂಬರ್‌ನಿಂದ ನಾನು ರಾತ್ರಿ ಮೆಸ್‌ಗೆ ಹೋಗೋದು ಬಿಟ್ಟಿದ್ದೆ. ಒಂದು ಸೌತೆಕಾಯಿ, ಸ್ವಲ್ಪ ಮೊಸರು, ಮುಗೀತು. ಅಪ್ಪ ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಕೇಳೋದು ಒಂದೇ ಪ್ರಶ್ನೆ, "ಊಟ ಆಯ್ತಾ?" ನಾನು "ಆಯ್ತಪ್ಪ" ಅನ್ನೋದು. ಎರಡೂವರೆ ತಿಂಗಳು ದಿನಾ ಈ ಸುಳ್ಳು.

ಡಾಕ್ಟರ್ ಮೇಡಂ ಅದನ್ನೂ ಕೇಳಿದ್ರು. "ರಾತ್ರಿ ಏನು ತಿಂತೀಯ?" "ಮೆಸ್ ಊಟ ಮೇಡಂ." ಅವರು ನನ್ನನ್ನ ಸುಮ್ನೆ ನೋಡಿದ್ರು. ಅಷ್ಟು ಸಾಕಾಯ್ತು, ಎಲ್ಲಾ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಪ್ರಿಸ್ಕ್ರಿಪ್ಷನ್ ಚೀಟಿ ಹಿಂದೆ ಒಂದು ಮೂಳೆ ಚಿತ್ರ ಬರೆದು ಹೇಳಿದ್ರು. ಓಡಿದಾಗ ಮೂಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟು ಬೀಳುತ್ತೆ. ದೇಹ ಅದನ್ನ ರಿಪೇರಿ ಮಾಡುತ್ತೆ, ಆದರೆ ತೇಪೆ ಹಾಕೋದಿಲ್ಲ. ಪೆಟ್ಟು ಬಿದ್ದ ಜಾಗವನ್ನ ಮೊದಲು ಕೆರೆದು ತೆಗೆಯುತ್ತೆ, ಆಮೇಲೆ ಹೊಸ ಮೂಳೆ ತುಂಬುತ್ತೆ. ತೆಗೆಯೋ ಕೆಲಸ ಬೇಗ, ತುಂಬೋ ಕೆಲಸ ನಿಧಾನ. ಆ ನಡುವಿನ ದಿನಗಳಲ್ಲಿ ಮೂಳೆ ಮೊದಲಿಗಿಂತ ವೀಕಾಗಿರುತ್ತೆ. ಆಗಲೂ ಓಡ್ತಾ ಇದ್ರೆ ಕೊನೆಗೆ ಬಿರುಕು ಬಿಡುತ್ತೆ. "ಇದಕ್ಕೆ ಸಾಮಾನು ಬೇಕಲ್ಲಮ್ಮ. ನೀನು ಊಟ ಬಿಟ್ಟು ಓಡಿದ್ರೆ ದೇಹ ಖರ್ಚು ಕಡಿಮೆ ಮಾಡುತ್ತೆ. ಇವತ್ತು ಬದುಕೋದಕ್ಕೆ ಏನು ಬೇಡವೋ ಅದನ್ನ ಮೊದಲು ನಿಲ್ಲಿಸುತ್ತೆ. ಮೂಳೆ ಕಟ್ಟೋದು ಒಂದು, ಪೀರಿಯಡ್ಸ್ ಇನ್ನೊಂದು. ಪೀರಿಯಡ್ಸ್ ಸರಿಹೋಗ್ಲಿ ಅಂತ ತಾನೇ ನೀನು ಓಡ್ತಾ ಇರೋದು?"

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕೋಕೆ ಕೂತೆ. ನಮ್ಮ ಜಾತಿಯವರಿಗೆ ಭಯ ಆದ್ರೆ ಕ್ಯಾಲ್ಕ್ಯುಲೇಟರ್ ತೆಗೆಯೋದೇ ತಾನೇ. ಒಂದು ಕಿಲೋಮೀಟರ್ ಓಡೋಕೆ ಹೆಚ್ಚು ಕಡಿಮೆ ತೂಕದ ಒಂದೊಂದು ಕೆಜಿಗೆ ಒಂದೊಂದು ಕಿಲೋಕ್ಯಾಲರಿ ಖರ್ಚಾಗುತ್ತೆ. ನನಗೆ 73. ನಾಲ್ಕು ಕಿಲೋಮೀಟರಿಗೆ 292. ಐದು ದಿನಕ್ಕೆ 1460. ಒಂದು ಕೆಜಿ ಕೊಬ್ಬಿನಲ್ಲಿ ಇರೋದು ಸುಮಾರು 7700. ಭಾಗಿಸಿದ್ರೆ 0.19 ಕೆಜಿ.

ಮತ್ತೆ ಭಾಗಿಸಿದೆ. ಅಷ್ಟೇ ಬಂತು. ಅಂದ್ರೆ ಒಂದು ವಾರ ಪೂರ್ತಿ ಓಡದೇ ಇದ್ರೆ ನಾನು ಕಳಕೊಳ್ಳೋದು ಇನ್ನೂರು ಗ್ರಾಂ ಕೂಡ ಅಲ್ಲ. ನನ್ನ ರೂಮ್‌ಮೇಟ್ ಹಾವೇರಿ ಕಡೆಯವಳು, ಲೈಟ್ ಆರಿಸು ಅಂತ ಬೈಯೋಕೆ ಎದ್ದವಳು ಪುಸ್ತಕ ನೋಡಿ, "ಇಷ್ಟಕ್ಕ ಅಳಾಕ ಹತ್ತೀಯೇನ? ಎರಡುನೂರು ಗ್ರಾಂ ಅಂದ್ರ ಒಂದು ಸಣ್ಣ ಮೊಸರಿನ ಪ್ಯಾಕೆಟ್ ಆತು. ಸುಮ್ಕ ಮಲ್ಕೋ" ಅಂದು ಮುಸುಕೆಳೆದಳು.

ಲೆಕ್ಕ ಸರಿ ಇತ್ತು. ಭಯ ಹೋಗಲಿಲ್ಲ. ಯಾಕಂದ್ರೆ ನನ್ನ ಭಯ ಇನ್ನೂರು ಗ್ರಾಮಿಂದಲ್ಲ, ಹಿಂದಿನ ಸಲದ ಆ ಏಳು ತಿಂಗಳಿಂದು. ವಿಶ್ರಾಂತಿ ಕೊಟ್ಟರೆ ದೇಹ ವಾಪಸ್ ಬರುತ್ತೆ ಅನ್ನೋದನ್ನ ಪುಸ್ತಕದಲ್ಲಿ ಓದಬಹುದು. ನಾನು ವಾಪಸ್ ಬರ್ತೀನಾ ಅನ್ನೋದು ಯಾವ ಪುಸ್ತಕದಲ್ಲೂ ಇರಲ್ಲ.

ಶುಕ್ರವಾರ ಅಲಾರಂ ಇಲ್ಲದೇನೇ 5.40ಕ್ಕೆ ಎಚ್ಚರ ಆಯ್ತು. ಕಿಟಕಿಯಿಂದ ಕೆಳಗೆ ಶೂ ಸದ್ದು ಕೇಳ್ತಿತ್ತು. ತಡೆಯೋಕಾಗದೆ ಗ್ರೌಂಡಿಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ನಾನು ದಿನಾ ಹಿಂದೆ ಹಾಕ್ತಿದ್ದ ಒಬ್ಬ ಮೆಕ್ಯಾನಿಕಲ್ ಸೀನಿಯರ್ ಎರಡು ಸಲ ನನ್ನ ಮುಂದೆ ಹಾದು ಹೋದ. ಅವನಿಗೆ ನಾನ್ಯಾರು ಅಂತಾನೂ ಗೊತ್ತಿಲ್ಲ, ನನಗೆ ಮಾತ್ರ ಸೋತ ಹಾಗನ್ನಿಸ್ತು.

ಅದಕ್ಕಿಂತ ವಿಚಿತ್ರ ಮೆಸ್‌ನಲ್ಲಿ ಗೊತ್ತಾಯ್ತು. ತಟ್ಟೆಯಲ್ಲಿ ಎರಡು ಇಡ್ಲಿ ಇದ್ರೆ ನನಗೆ ಇಡ್ಲಿ ಕಾಣ್ತಾ ಇರಲಿಲ್ಲ, ಒಂದೂವರೆ ಕಿಲೋಮೀಟರ್ ಕಾಣ್ತಿತ್ತು. ಮಸಾಲೆ ದೋಸೆ ಅಂದ್ರೆ ಗ್ರೌಂಡಿಗೆ ಹನ್ನೆರಡು ರೌಂಡು. ಓಡೋ ದಿನಗಳಲ್ಲಿ ಈ ಲೆಕ್ಕ ಹಿಂದೆ ಎಲ್ಲೋ ನಡೀತಾ ಇತ್ತು, ಗಮನಕ್ಕೆ ಬಂದಿರಲಿಲ್ಲ. ಓಡೋದು ನಿಂತ ಮೇಲೆ ಪ್ರತಿ ತುತ್ತೂ ಸಾಲದ ಹಾಗೆ ಕಾಣೋಕೆ ಶುರುವಾಯ್ತು. ಓಡೋದು ನನಗೆ ಇಷ್ಟ ಅಂದುಕೊಂಡಿದ್ದೆ. ತಿಂದಿದ್ದಕ್ಕೆ ಕಂತು ಕಟ್ತಾ ಇದ್ನಾ ಹಾಗಾದ್ರೆ? ಇದನ್ನ ಬರೆಯೋವಾಗಲೂ ಪೂರ್ತಿ ಉತ್ತರ ಗೊತ್ತಿಲ್ಲ. ಅವತ್ತು ರಾತ್ರಿ ಮೆಸ್‌ಗೆ ಹೋಗಿ ಎರಡು ಚಪಾತಿ, ಪಲ್ಯ, ಅನ್ನ, ಸಾರು ಎಲ್ಲಾ ತಿಂದೆ. ತಿಂದೆ ಅನ್ನೋದಕ್ಕಿಂತ ನುಂಗಿದೆ ಅನ್ನೋದು ಸರಿ.

ಶನಿವಾರ ಚನ್ನರಾಯಪಟ್ಟಣದ ಬಸ್ ಹತ್ತಿ ಊರಿಗೆ ಹೋದೆ.

ಅಪ್ಪ ಗಾರೆ ಮೇಸ್ತ್ರಿ. ನಾನು ಸಿವಿಲ್ ತಗೊಂಡಿದ್ದಕ್ಕೆ ಅದೇ ಕಾರಣ ಅಂತ ಎಲ್ಲರೂ ಅಂದುಕೋತಾರೆ, ನಿಜ ಹೇಳ್ಬೇಕಂದ್ರೆ ಸಿಇಟಿ ರ್‍ಯಾಂಕಿಗೆ ಸಿಕ್ಕಿದ್ದೇ ಅದು. ಅಪ್ಪ ಬುಧವಾರ ಪಟ್ಟಣದ ಹೊರಗೆ ಒಂದು ಮನೆಗೆ ಮೋಲ್ಡ್ ಹಾಕಿದ್ರು. ಭಾನುವಾರ ನೀರು ಹೊಡೆಯೋ ಹುಡುಗ ಬರಲಿಲ್ಲ ಅಂತ ನನ್ನನ್ನ ಬೈಕಲ್ಲಿ ಕೂರಿಸಿಕೊಂಡು ಹೋದ್ರು. ಮೋಲ್ಡ್ ಮೇಲೆ ಸಣ್ಣ ಸಣ್ಣ ಕಟ್ಟೆ ಕಟ್ಟಿ, ಗದ್ದೆಯ ಮಡಿ ಥರ ಚೌಕ ಚೌಕ ಮಾಡಿ ಎರಡಿಂಚು ನೀರು ನಿಲ್ಲಿಸಿದ್ರು. ಬಿಸಿಲಿಗೆ ಕೆಲವು ಮಡಿ ಅರ್ಧ ಒಣಗಿತ್ತು. ಪೈಪ್ ಹಿಡಿದು ಒಂದೊಂದೇ ತುಂಬಿಸ್ತಾ ಬಂದೆ.

ಮನೆ ಓನರ್ ಬಂದು, ಮೇಲ್ಗಡೆ ಇಟ್ಟಿಗೆ ಇಳಿಸಿಬಿಡೋಣ, ಕೆಲಸ ಬೇಗ ಸಾಗುತ್ತೆ ಅಂದ್ರು. ಅಪ್ಪ ಒಪ್ಪಲಿಲ್ಲ. "ಸ್ವಾಮಿ, ನೋಡಕ್ಕೆ ಗಟ್ಟಿಯಾಗದೆ ಅಷ್ಟೇ. ಒಳಗೆ ಇನ್ನೂ ಹಸಿ. ಒಂದಷ್ಟು ದಿನ ಸುಮ್ನೆ ಬುಡಿ" ಅಂದು ಕಳಿಸಿದ್ರು.

ನಾನು ಸುಮ್ನೆ ಇರಲಾರದೆ ನನ್ನ ವಿದ್ಯೆ ತೋರಿಸಿದೆ. "ಅಪ್ಪ, ಐಎಸ್ 456 ಪ್ರಕಾರ ಓಪಿಸಿ ಸಿಮೆಂಟಾದ್ರೆ ಕಡಿಮೆ ಅಂದ್ರೂ ಏಳು ದಿನ ಕ್ಯೂರಿಂಗ್ ಮಾಡ್ಬೇಕು. ನೀವು ಹಾಕಿರೋದು ಪಿಪಿಸಿ, ಅದಕ್ಕೆ ಹತ್ತು ದಿನ."

"ನಾವು ಹದಿನೈದು ದಿನ ಕಟ್ಟೋದು. ನಿನ್ನ ಪುಸ್ತಕದೋರು ಯಾಕವ್ವಾ ಇಷ್ಟು ಜಿಪುಣ್ರು?"

ಆಮೇಲೆ ಪೈಪ್ ಎಳೀತಾ ಇದ್ದ ನನ್ನ ಕಾಲನ್ನ ನೋಡಿದ್ರು. "ಏನವ್ವಾ, ಕಾಲು ಎತ್ತೆತ್ತಿ ಇಡ್ತಾ ಇದ್ದೀಯ?" ಓಡಿ ಓಡಿ ನೋವಾಗಿದೆ, ಡಾಕ್ಟರ್ ಒಂದು ವಾರ ಬಿಡು ಅಂದಿದ್ದಾರೆ ಅಂದೆ. ಪಿಸಿಓಡಿ ವಿಷಯ ಅಪ್ಪನಿಗೆ ಅಮ್ಮ ಎಷ್ಟು ಹೇಳಿದ್ದಾರೋ ನನಗೆ ಗೊತ್ತಿಲ್ಲ, ನಾವಿಬ್ಬರೂ ಅದರ ಬಗ್ಗೆ ಮಾತಾಡಿಲ್ಲ. "ಬುಡು ಮತ್ತೆ. ಒಂದು ವಾರ ಓಡಲಿಲ್ಲ ಅಂದ್ರೆ ಯಾರು ಬಯ್ತಾರೆ?" ಅಂದ್ರು. ಯಾರೂ ಇಲ್ಲ. ನಿಜವಾಗ್ಲೂ ಯಾರೂ ಇಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದ್ರು. ನಾನು ಏಳನೇ ಕ್ಲಾಸಲ್ಲಿದ್ದಾಗ ಅಪ್ಪನಿಗೆ ಸೊಂಟ ಹಿಡಿದಿತ್ತು. ಗೃಹಪ್ರವೇಶದ ದಿನ ಗೊತ್ತಾಗಿದೆ ಅಂತ ಆ ಮನೆಯವರು ಅವಸರ ಮಾಡಿದ್ರು, ಅಪ್ಪ ಟವೆಲ್ ಬಿಗಿದುಕೊಂಡು ಸಾರುವೆ ಹತ್ತಿದ್ರು. "ಎರಡು ದಿನ ಮಲಗಿದ್ರೆ ಹೋಗದು ಅದು. ಎರಡು ತಿಂಗಳು ಮಲಗಿಸ್ತು." ಆ ಎರಡು ತಿಂಗಳು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಮಹಿಳಾ ಸಂಘದಲ್ಲಿ ಸಾಲ ತಗೊಂಡಿದ್ದು, ನನ್ನ ಸ್ಕೂಲ್ ಟ್ರಿಪ್ ತಪ್ಪಿದ್ದು, ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ದದ್ದು. ಅವರು ಅದರ ಬಗ್ಗೆ ಮಾತಾಡಿದ್ದು ಅದೇ ಮೊದಲು.

ಕಾಂಕ್ರೀಟಿಗೂ ಮೂಳೆಗೂ ಹೋಲಿಕೆ ಮಾಡೋಕೆ ನನಗೂ ಆಸೆ ಆಯ್ತು. ಆದರೆ ಮೆಟೀರಿಯಲ್ಸ್ ಸರ್ ಇದನ್ನ ಓದಿದ್ರೆ ಒಪ್ಪಲ್ಲ. ಕಾಂಕ್ರೀಟ್ ತನ್ನನ್ನ ತಾನು ಕೆರೆದುಕೊಂಡು ಮತ್ತೆ ಕಟ್ಟಿಕೊಳ್ಳಲ್ಲ, ಮನೆ ಕನ್ನಡಿ ಮುಂದೆ ನಿಂತು ಹೊಟ್ಟೆ ಒಳಗೆ ಎಳೆದುಕೊಳ್ಳೋದೂ ಇಲ್ಲ.

ಇಷ್ಟೆಲ್ಲಾ ಕೇಳಿದ ಮೇಲೆ ಬುದ್ಧಿ ಬಂದಿರ್ಬೇಕು ಅಂದುಕೊಂಡ್ರಾ? ಸೋಮವಾರ ಕಾಲೇಜಿಗೆ ರಜೆ ಹಾಕಿ, ಬೆಳಿಗ್ಗೆ ಅಮ್ಮನಿಗೆ "ಶ್ರವಣಬೆಳಗೊಳಕ್ಕೆ ಹೋಗಿ ಬರ್ತೀನಿ" ಅಂದೆ. ಅಮ್ಮ ಅನುಮಾನದಿಂದ, "ಹರಕೆ ಏನಾದ್ರೂ ಇತ್ತೇನೇ?" ಅಂದ್ರು. ನನ್ನ ವಾದ ಹೀಗಿತ್ತು: ಡಾಕ್ಟರ್ ಓಡ್ಬೇಡ ಅಂದಿದ್ದಾರೆ, ಜಿಗೀಬೇಡ ಅಂದಿದ್ದಾರೆ, ಮೆಟ್ಟಿಲು ಹತ್ತಬೇಡ ಅಂದಿಲ್ಲ. ವಿಂಧ್ಯಗಿರಿಗೆ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲಿದೆ. ಕ್ಯಾಲರಿ ಲೆಕ್ಕ ಬಸ್ಸಲ್ಲೇ ಮುಗಿಸಿದ್ದೆ. ಚಪ್ಪಲಿ ಕೆಳಗೆ ಬಿಟ್ಟು ಬರಿಗಾಲಲ್ಲಿ ಹತ್ತಬೇಕು ಅನ್ನೋದು ಮಾತ್ರ ಲೆಕ್ಕಕ್ಕೆ ಬಂದಿರಲಿಲ್ಲ.

ಅರವತ್ತು ಮೆಟ್ಟಿಲಾಗಿರಬಹುದು. ಎಡಗಾಲು ಊರಿದಾಗ ಒಳಗಿಂದ ಯಾರೋ ಸ್ಕ್ರೂಡ್ರೈವರ್ ತಿರುಗಿಸಿದ ಹಾಗಾಯ್ತು. ಪಕ್ಕಕ್ಕೆ ಸರಿದು ಕೂತೆ. ಎಪ್ಪತ್ತು ದಾಟಿದ ಅಜ್ಜಿಯಂದಿರು ನನ್ನ ದಾಟಿಕೊಂಡು ಹತ್ತಿ ಹೋದ್ರು. ಅಷ್ಟರಲ್ಲಿ ಡೋಲಿ ಹೊರೋರು ಇಬ್ಬರು ಬಂದು ಬಹಳ ಕಾಳಜಿಯಿಂದ, "ಡೋಲಿ ಬೇಕೇನಮ್ಮ?" ಅಂದ್ರು. ಇಪ್ಪತ್ತು ವರ್ಷದ, ನಾಲ್ಕು ತಿಂಗಳಿಂದ ಓಡ್ತಾ ಇರೋ ಹುಡುಗಿಗೆ ಡೋಲಿ. ಬೇಡ ಅಂದು, ಅಲ್ಲೇ ಅರ್ಧ ಗಂಟೆ ಕೂತು, ಎದುರಿಗಿರೋ ಕಲ್ಯಾಣಿ ನೋಡಿದೆ. ಆಮೇಲೆ ಇಳಿದು ಬಂದೆ. ಬಾಹುಬಲಿಯ ತಲೆಯೂ ಕಾಣಲಿಲ್ಲ.

ಮಧ್ಯಾಹ್ನ ಅಮ್ಮ ಹಿತಕಿದ ಬೇಳೆ ಸಾರು ಮಾಡಿದ್ರು, ಅವರೆಕಾಯಿಯ ಕೊನೆ ದಿನಗಳು. ಎರಡು ಮುದ್ದೆ ಉಂಡೆ. ಆ ಊಟದಲ್ಲಿ ಎಷ್ಟು ಕಿಲೋಮೀಟರ್ ಇತ್ತು ಅಂತ ಈಗಲೂ ಗೊತ್ತಿಲ್ಲ.

ಮಂಗಳವಾರ ವಾಪಸ್ ಬಂದು ಮಧ್ಯಾಹ್ನ ಕಾಂಕ್ರೀಟ್ ಲ್ಯಾಬ್‌ನಲ್ಲಿ ಪ್ಲಾಟ್‌ಫಾರ್ಮ್ ಬ್ಯಾಲೆನ್ಸ್ ಮೇಲೆ ನಿಂತೆ. ಹಾಸ್ಟೆಲ್‌ನಲ್ಲಿ ತೂಕದ ಮಷಿನ್ ಇಲ್ಲ, ನನ್ನ ಇಡೀ ತೂಕದ ಇತಿಹಾಸ ಜಲ್ಲಿ ತೂಗೋ ಮಷಿನ್ ಮೇಲೇ ಆಗಿರೋದು. 74.1. ಐದು ದಿನದಲ್ಲಿ 1.2 ಕೆಜಿ ಜಾಸ್ತಿ. ಕೈ ನಡುಗ್ತು. ಲ್ಯಾಬ್ ಅಟೆಂಡರ್ ಅಣ್ಣ ನನ್ನ ಮುಖ ನೋಡಿ, "ಆ ಮಷಿನ್ ಕ್ಯಾಲಿಬ್ರೇಷನ್ ಮಾಡ್ಸಿಲ್ಲ ಬಿಡಮ್ಮ" ಅಂದ್ರು. ಒಳ್ಳೆಯವರು.

ಮತ್ತೆ ಲೆಕ್ಕ. 1.2 ಕೆಜಿ ಕೊಬ್ಬು ಸೇರ್ಬೇಕಂದ್ರೆ ಖರ್ಚಿಗಿಂತ 9240 ಕಿಲೋಕ್ಯಾಲರಿ ಹೆಚ್ಚು ತಿಂದಿರ್ಬೇಕು. ಅಮ್ಮ ಎಷ್ಟೇ ಬಡಿಸಿದ್ರೂ ಅದು ಆಗೋ ಮಾತಲ್ಲ. ಇದು ನೀರು. ಅನ್ನ, ಮುದ್ದೆ ಸರಿಯಾಗಿ ತಿಂದಾಗ ಸ್ನಾಯುಗಳು ಗ್ಲೈಕೋಜನ್ ತುಂಬಿಕೊಳ್ತವೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತೆ. ಜೊತೆಗೆ ಊರಿನ ಉಪ್ಪಿನಕಾಯಿ, ಹಪ್ಪಳದ ಉಪ್ಪು. ಇಸಿ ಗೆಳತಿ ಒಬ್ಬಳು ಇದನ್ನೇ ಇನ್ನೂ ಚೆನ್ನಾಗಿ ಹೇಳಿದಳು: "ನೀನು ನಾಯ್ಸ್ ನೋಡಿ ಅಳ್ತಿದ್ದೀಯ ಕಣೇ. ಏಳು ದಿನದ ಆವರೇಜ್ ತಗೋ, ಸಿಗ್ನಲ್ ಕಾಣುತ್ತೆ." ಅವತ್ತಿಂದ ಹಾಗೇ ಮಾಡ್ತಿದ್ದೀನಿ. ದಿನಾ ತೂಗಿ ಬರೆದುಕೊಳ್ಳೋದು, ಭಾನುವಾರ ಸರಾಸರಿ ನೋಡೋದು. ಅಟೆಂಡರ್ ಅಣ್ಣನಿಗೆ ಸ್ವಲ್ಪ ಕಿರಿಕಿರಿ.

ಗುರುವಾರ ಮೇಡಂ ಮತ್ತೆ ಒತ್ತಿ ನೋಡಿದ್ರು. ನೋವು ಇತ್ತು, ಎಗರುವಷ್ಟಿರಲಿಲ್ಲ. ಬೆಟ್ಟದ ವಿಷಯ ಹೇಳಿದೆ. ಈ ಸಲ ಬೈದ್ರು. ಆಮೇಲೆ, ನಾಳೆಯಿಂದ ಎರಡು ನಿಮಿಷ ನಡಿ, ಒಂದು ನಿಮಿಷ ಓಡು, ವಾರಕ್ಕೆ ಮೂರೇ ದಿನ, ಸಿಮೆಂಟ್ ರಸ್ತೆ ಬೇಡ ಮಣ್ಣಿನ ಗ್ರೌಂಡಲ್ಲಿ, ನೋವು ಜಾಸ್ತಿಯಾದ ಕ್ಷಣ ನಿಲ್ಲಿಸು ಅಂದ್ರು.

ಶುಕ್ರವಾರ 5.40ಕ್ಕೆ ಅಲಾರಂ ಹೊಡೀತು. ಆಫ್ ಮಾಡಿ ಮಲಗಿದೆ.

ಇಷ್ಟು ದಿನ ಗ್ರೌಂಡಿಗೆ ಹೋಗೋಕೆ ಆಗ್ತಿಲ್ಲ ಅಂತ ಅತ್ತವಳು, ಹೋಗು ಅಂದ ದಿನ ಹೋಗಲಿಲ್ಲ. ಶನಿವಾರವೂ ಹೋಗಲಿಲ್ಲ. ನೋವಿನ ನೆಪ ಇರಲಿಲ್ಲ, ಓದೋದೂ ಇರಲಿಲ್ಲ. ಬೆಚ್ಚಗೆ ಮಲಗೋದು ಸುಖವಾಗಿತ್ತು, ಅಷ್ಟೇ. ಕ್ಯಾಲೆಂಡರ್‌ನಲ್ಲಿ ಖಾಲಿ ಚೌಕಗಳು ಹತ್ತಾದವು. ಏಳು ತಿಂಗಳು ಹೀಗೇ ಶುರುವಾಗಿತ್ತು, ಹೀಗೇ ಸುಖವಾಗಿ. ನನಗೆ ನಿಜವಾಗಿ ಹೆದರಿಕೆ ಆಗಿದ್ದು ಆ ಶನಿವಾರ ರಾತ್ರಿ.

ಭಾನುವಾರ ಸಂಜೆ ರೂಮ್‌ಮೇಟ್‌ನ ಅಂಗಲಾಚಿ ಎಬ್ಬಿಸಿಕೊಂಡು ಗ್ರೌಂಡಿಗೆ ಹೋದೆ. ಅವಳು ಚಪ್ಪಲಿಯಲ್ಲೇ ಬಂದಳು, ಕೈಯಲ್ಲಿ ಕುರ್ಕುರೆ ಪ್ಯಾಕೆಟ್. ಎರಡು ನಿಮಿಷ ನಡಿಗೆ, ಒಂದು ನಿಮಿಷ ಓಟ. ಮೂರನೇ ಓಟಕ್ಕೇ ಎದೆ ಢವಢವ ಅಂತ ಹೊಡ್ಕೊಳ್ತು. ಎಲ್ಲಾ ಹೋಯ್ತು ಅಂದುಕೊಂಡೆ. ಆಮೇಲೆ ಓದಿದ್ಮೇಲೆ ಗೊತ್ತಾಯ್ತು, ವ್ಯಾಯಾಮ ನಿಲ್ಲಿಸಿದ್ರೆ ಮೊದಲು ಇಳಿಯೋದು ರಕ್ತದಲ್ಲಿನ ದ್ರವದ ಪ್ರಮಾಣವಂತೆ, ಕೆಲವೇ ದಿನಗಳಲ್ಲಿ. ಹಾಗಾಗಿ ಹೃದಯ ಅದೇ ಓಟಕ್ಕೆ ಹೆಚ್ಚು ಸಲ ಬಡೀಬೇಕು. ಶುರು ಮಾಡಿದ್ರೆ ಅದು ಬೇಗ ವಾಪಸ್ ಬರುತ್ತೆ. ಸ್ನಾಯುವಿನ ಬಲ ಎರಡು ಮೂರು ವಾರಕ್ಕೆಲ್ಲ ಅಷ್ಟಾಗಿ ಕರಗಲ್ಲ. ನನಗೆ ನಾಲ್ಕನೇ ದಿನಕ್ಕೆ ಉಸಿರಾಟ ಮೊದಲಿನ ಹಾಗಾಯ್ತು. ರೂಮ್‌ಮೇಟ್ ಎರಡು ರೌಂಡ್ ನಡೆದು, "ನಾಳಿಂದ ನೀ ಒಬ್ಬಾಕಿನ ಹೋಗವಾ" ಅಂದಳು. ಆದ್ರೂ ಮುಂದಿನ ಸಲವೂ ಬಂದಳು.

ಹತ್ತು ದಿನದ ಬ್ರೇಕ್ ಆಯ್ತು ಒಟ್ಟು. ಏಳು ದಿನ ಓಪಿಸಿಗೆ, ನಾನು ಪಿಪಿಸಿ ಅಂತ ಸಮಾಧಾನ ಮಾಡಿಕೊಂಡೆ.

ಮಾರ್ಚ್ ಎರಡನೇ ವಾರದ ಸರಾಸರಿ 72.6. ಅದೇ ತಿಂಗಳ ಮಧ್ಯದಲ್ಲಿ ಪೀರಿಯಡ್ಸ್ ಬಂತು, ಮಾತ್ರೆ ಇಲ್ಲದೆ. ಊಟ ಶುರು ಮಾಡಿದ್ದಕ್ಕಾ, ಇಳಿದ ತೂಕಕ್ಕಾ, ಸುಮ್ನೆ ಬರೋ ಟೈಮ್‌ಗೆ ಬಂತಾ, ಒಂದೇ ಒಂದು ರೀಡಿಂಗ್‌ನಿಂದ ಗ್ರಾಫ್ ಹಾಕೋಕಾಗಲ್ಲ. ಏಪ್ರಿಲ್‌ನಲ್ಲಿ ಹಾಸನಕ್ಕೆ ಹೋಗಿ ತೋರಿಸ್ಬೇಕು. ತೂಕ ಇಳಿಯೋದು ಮೊದಲಿಗಿಂತ ನಿಧಾನ ಆಗಿದೆ. ಮಸಾಲೆ ದೋಸೆಯಲ್ಲಿ ರೌಂಡು ಕಾಣೋದು ಪೂರ್ತಿ ಹೋಗಿಲ್ಲ, ಕೆಲವು ದಿನ ನಾಲ್ಕು, ಕೆಲವು ದಿನ ಹನ್ನೆರಡು.

ಮೊನ್ನೆ ರಾತ್ರಿ ಒಂಬತ್ತಕ್ಕೆ ಅಪ್ಪ ಫೋನ್ ಮಾಡಿದ್ರು. ಸೆಂಟ್ರಿಂಗ್ ಬಿಚ್ಚಿದ್ರಂತೆ. "ಕೂದಲೆಳೆಯಷ್ಟೂ ಬಿರುಕಿಲ್ಲ ಕಣವ್ವಾ. ಓನರ್‌ಗೆ ತಳದಲ್ಲಿ ನಿಲ್ಲಿಸಿ ತೋರಿಸಿದೆ. ನಿನ್ನ ಕಾಲು ಹೆಂಗದೆ?"

"ಇವತ್ತು ಸ್ವಲ್ಪ ನೋವಿದೆ ಅಪ್ಪ. ಎರಡು ದಿನ ಓಡಲ್ಲ."

"ಹೂಂ. ಊಟ ಆಯ್ತಾ?"

"ಆಯ್ತಪ್ಪ" ಅಂದೆ. ಆಗಿತ್ತು.